ಅರವತ್ತು ಜೋಡಿ ದೋಣಿ, ಒಂದೇ ಲೆಕ್ಕ: ಸುರುಗಾ ಕೊಲ್ಲಿಯ ಸೀಗಡಿ ಮೀನುಗಾರಿಕೆ ಮತ್ತು ಅದರ ಬೆನ್ನಿಗಿರುವ ಸಂಸ್ಥೆಗಳು

ಜಪಾನಿನ ಪೆಸಿಫಿಕ್ ತೀರದಲ್ಲಿ, ಫುಜಿ ಪರ್ವತದ ಬುಡದವರೆಗೂ ಒಳಚಾಚಿಕೊಂಡಿರುವ ಸುರುಗಾ ಕೊಲ್ಲಿಯಲ್ಲಿ ಸಕುರಾಎಬಿ ಎಂಬ ನಸುಗೆಂಪಿನ ಸಣ್ಣ ಸೀಗಡಿ ಸಿಗುತ್ತದೆ. ವ್ಯಾಪಾರಕ್ಕಾಗಿ ಇದನ್ನು ಹಿಡಿಯುವುದು ಇಡೀ ಜಪಾನಿನಲ್ಲಿ ಈ ಕೊಲ್ಲಿಯೊಂದರಲ್ಲಿ ಮಾತ್ರ. ಎರಡು ದೋಣಿಗಳು ಸೇರಿ ಒಂದು ಬಲೆಯನ್ನು ಎಳೆಯುತ್ತವೆ. ಶಿಜುವೊಕಾ ಪ್ರಾಂತ್ಯದ ಗವರ್ನರ್ ನೀಡುವ ಪರವಾನಗಿಯ ಮೇಲೆ ನಡೆಯುವ ಈ ಕಸುಬು 60 ಜೋಡಿ, ಅಂದರೆ 120 ದೋಣಿಗಳ ಸುತ್ತ ರೂಪುಗೊಂಡಿದೆ. ಯುಯಿ, ಕಂಬಾರಾ ಮತ್ತು ಒಯಿಗಾವಾ ಎಂಬ ಮೂರು ಊರುಗಳಿಗೆ ಸೇರಿದ ಈ ದೋಣಿಗಳು ಒಂದು ರಾತ್ರಿಯಲ್ಲಿ ಯಾರ ಬಲೆಗೆ ಎಷ್ಟು ಬಿದ್ದರೂ ಹರಾಜಿನಲ್ಲಿ ಬಂದ ಹಣವನ್ನೆಲ್ಲ ಒಂದೆಡೆ ಸೇರಿಸಿ ಪಾಲು ಹಾಕಿಕೊಳ್ಳುತ್ತವೆ. 1960ರ ದಶಕದ ಕೊನೆಯಲ್ಲಿ ಅರೆಬರೆಯಾಗಿ ಆರಂಭವಾದ ಈ ಪದ್ಧತಿ 1977ರ ಹೊತ್ತಿಗೆ ಎಲ್ಲ 60 ಜೋಡಿಗಳನ್ನೂ ಒಳಗೊಂಡಿತು.

ಮೀನುಗಾರಿಕೆಯ ಅರ್ಥಶಾಸ್ತ್ರವನ್ನು ಓದುವವರಿಗೆ ಇದು ಪರಿಚಿತ ಉದಾಹರಣೆ. ಮೀನುಗಾರರು ತಾವೇ ಕೂತು ನಿಯಮ ಮಾಡಿಕೊಂಡು ಪೈಪೋಟಿಯನ್ನು ನಿಲ್ಲಿಸಿದ ಕಥೆಯಾಗಿ ಅದನ್ನು ಹೇಳುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಎರಡು ಸಂಗತಿಗಳು ಮರೆಯಾಗುತ್ತವೆ. ಮೊದಲನೆಯದಾಗಿ, ಈ ಒಪ್ಪಂದದ ಬೆನ್ನಿಗೆ ಸಹಕಾರ ಸಂಘ, ಪ್ರಾಂತ್ಯ ಸರ್ಕಾರ, ಸಂಶೋಧನಾ ಕೇಂದ್ರ, ಸಾಲ ಮತ್ತು ವಿಮೆಯ ವ್ಯವಸ್ಥೆಗಳ ಒಂದು ಸರಪಳಿಯೇ ಇದೆ. ಎರಡನೆಯದಾಗಿ, ಈ ಪದ್ಧತಿಯ ಮುಖ್ಯ ಕೆಲಸ ಬೆಲೆಯನ್ನು ಕಾಯುವುದು; ಸೀಗಡಿಯ ಸಂತತಿಯನ್ನು ಕಾಯುವ ಗುಣ ಅದರ ಜೊತೆಗೆ ಬಂದದ್ದು, ಅದೂ ಎಲ್ಲ ಕಾಲಕ್ಕೂ ಸಾಕಾಗುವಷ್ಟಲ್ಲ. 2018ರಲ್ಲಿ ಈ ವ್ಯತ್ಯಾಸ ಎಲ್ಲರ ಕಣ್ಣಿಗೂ ಬಿತ್ತು. ಈ ಅಧ್ಯಯನ ಆ ಎರಡು ಸಂಗತಿಗಳನ್ನು ಹಿಡಿದು ಸಾಗುತ್ತದೆ.

ಸೀಗಡಿಯ ಸ್ವಭಾವ

ಸುರುಗಾ ಕೊಲ್ಲಿ ಜಪಾನಿನ ಅತ್ಯಂತ ಆಳದ ಕೊಲ್ಲಿ. ಅದರ ಗರಿಷ್ಠ ಆಳ ಸುಮಾರು 2,500 ಮೀಟರ್. ದಡದಿಂದ ತುಸು ದೂರ ಹೋದರೆ ಸಾಕು, ನೆಲ ಕಡಿದಾಗಿ ಕೆಳಗಿಳಿಯುತ್ತದೆ. ಸಕುರಾಎಬಿಯ ಬದುಕಿಗೆ ಈ ಆಳವೇ ಆಧಾರ. ನಾಲ್ಕೈದು ಸೆಂಟಿಮೀಟರ್ ಉದ್ದದ ಈ ಜೀವಿ ಹಗಲಿನಲ್ಲಿ 200–300 ಮೀಟರ್ ಆಳದಲ್ಲಿದ್ದು, ಕತ್ತಲಾಗುತ್ತಿದ್ದಂತೆ ಗುಂಪುಗುಂಪಾಗಿ 20ರಿಂದ 50 ಮೀಟರ್ ಆಳದ ಮಟ್ಟಕ್ಕೆ ಏರಿ ಬರುತ್ತದೆ. ಹಾಗಾಗಿ ಹಿಡಿಯುವುದು ರಾತ್ರಿಯಲ್ಲಿ ಮಾತ್ರ. ಆಯಸ್ಸು ಸುಮಾರು 15 ತಿಂಗಳು. ಬೇಸಿಗೆಯಲ್ಲಿ ಕೊಲ್ಲಿಯ ಒಳಭಾಗದಲ್ಲಿ, ಮುಖ್ಯವಾಗಿ ಫುಜಿ ನದಿಯ ಮುಖದ ಸುತ್ತಮುತ್ತ ಮೊಟ್ಟೆಯಿಡುತ್ತದೆ. ಇಷ್ಟು ಅಲ್ಪಾಯುಷ್ಯದ ಜೀವಿಯ ವಿಷಯದಲ್ಲಿ ಒಂದು ವರ್ಷದ ಮೊಟ್ಟೆ ಕೆಟ್ಟರೆ ಮರುವರ್ಷದ ಬಲೆಯೇ ಬರಿದಾಗುತ್ತದೆ. ಹತ್ತಾರು ವರ್ಷ ಬದುಕುವ ಮೀನಿನಲ್ಲಿ ಇರುವಂತೆ ಹಳೆಯ ಪೀಳಿಗೆಗಳ ದಾಸ್ತಾನು ಇಲ್ಲಿಲ್ಲ.

ಈ ಕಸುಬು ಆರಂಭವಾದದ್ದು 1894ರಲ್ಲಿ, ಅದೂ ಆಕಸ್ಮಿಕವಾಗಿ. ಬೇರೆ ಮೀನಿಗಾಗಿ ರಾತ್ರಿ ಬಲೆ ಹಾಕಲು ಹೋದ ಯುಯಿ ಊರಿನ ಮೀನುಗಾರರು ಬಲೆಯನ್ನು ತೇಲಿಸುವ ಪೀಪಾಯಿಗಳನ್ನು ಮರೆತಿದ್ದರು. ಬಲೆ ಅಂದುಕೊಂಡದ್ದಕ್ಕಿಂತ ಆಳಕ್ಕಿಳಿದು ರಾಶಿ ಸೀಗಡಿಯನ್ನು ಹೊತ್ತು ತಂದಿತು. ಅಲ್ಲಿಂದ ಮುಂದೆ ಅದೇ ಊರಿನ ಮುಖ್ಯ ಜೀವನೋಪಾಯವಾಯಿತು. ಇಂದು ವರ್ಷಕ್ಕೆ ಎರಡು ಹಂಗಾಮು: ಮಾರ್ಚ್ ಕೊನೆಯಿಂದ ಜೂನ್ ಆರಂಭದವರೆಗೆ ವಸಂತದ್ದು, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಶರತ್ಕಾಲದ್ದು. ಇವೆರಡರ ನಡುವೆ ಬರುವ, ಸೀಗಡಿ ಮೊಟ್ಟೆಯಿಡುವ ಜಪಾನಿನ ಬೇಸಿಗೆಯಲ್ಲಿ ಹಿಡಿಯುವುದಕ್ಕೆ ನಿಷೇಧವಿದೆ.

ಹಿಡಿದ ಸೀಗಡಿಯಲ್ಲಿ ಹೆಚ್ಚಿನ ಪಾಲು ಒಣಗಲು ಹೋಗುತ್ತದೆ. ಫುಜಿ ನದಿಯ ಒಣಪಾತ್ರದಲ್ಲಿ ಕಪ್ಪು ಬಲೆಚಾಪೆಗಳನ್ನು ಹಾಸಿ ಅದರ ಮೇಲೆ ಹಸಿ ಸೀಗಡಿಯನ್ನು ತೆಳುವಾಗಿ ಹರವುತ್ತಾರೆ. ಒಳ್ಳೆಯ ಬಿಸಿಲಿದ್ದ ದಿನ ನದಿಯ ಪಾತ್ರವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕರಾವಳಿಯಲ್ಲಿ ಒಣ ಸೀಗಡಿ ಚಟ್ನಿ ಮಾಡುವವರಿಗೆ ಈ ಸರಕಿನ ಸ್ವಭಾವ ತಿಳಿದೇ ಇದೆ: ಬಿಸಿಲು ಸಿಕ್ಕರೆ ತಿಂಗಳುಗಟ್ಟಲೆ ಇಡಬಹುದು, ಸಿಗದಿದ್ದರೆ ಒಂದೇ ದಿನದಲ್ಲಿ ಕೆಟ್ಟುಹೋಗುತ್ತದೆ. ಖರೀದಿದಾರ ಎಷ್ಟು ಕೊಳ್ಳಬಲ್ಲ ಎಂಬುದು ಅವನ ಅಂಗಳ, ಕೆಲಸದಾಳು, ಶೀತಲಗೃಹದ ಜಾಗ ಮತ್ತು ಮರುದಿನದ ಹವೆಯನ್ನು ಅವಲಂಬಿಸಿದೆ. ಪ್ರಕರಣದ ಆರ್ಥಿಕ ತಿರುಳು ಇಲ್ಲೇ ಇರುವುದರಿಂದ ಇದನ್ನು ಇಷ್ಟು ವಿವರವಾಗಿ ಹೇಳಬೇಕಾಯಿತು.

ಪೈಪೋಟಿಯಿಂದ ಒಟ್ಟುಗೂಡಿಕೆಯವರೆಗೆ

ಎರಡನೇ ಮಹಾಯುದ್ಧದ ನಂತರ ಎಂಜಿನ್‌ಗಳ ಶಕ್ತಿ ಹೆಚ್ಚಿತು, ಮೀನಿನ ಗುಂಪನ್ನು ತೋರಿಸುವ ಯಂತ್ರ ಬಂತು, ರೇಡಿಯೊ ಬಂತು. ಪರವಾನಗಿಯ ಸಂಖ್ಯೆ ಸೀಮಿತವಾಗಿದ್ದರೂ ಪರವಾನಗಿ ಇದ್ದವರ ನಡುವೆಯೇ ಓಟ ಶುರುವಾಯಿತು. ಸೀಗಡಿಯ ಗುಂಪು ಕೊಲ್ಲಿಯ ಕೆಲವೇ ಜಾಗಗಳಲ್ಲಿ ಏರಿ ಬರುವುದರಿಂದ ಎಲ್ಲ ದೋಣಿಗಳೂ ಅಲ್ಲಿಗೇ ನುಗ್ಗುತ್ತಿದ್ದವು; ಬಲೆಗೆ ಬಲೆ ಸಿಕ್ಕಿಕೊಳ್ಳುವುದು, ದೋಣಿಗೆ ದೋಣಿ ತಾಗುವುದು, ಮೂರು ಊರುಗಳ ನಡುವೆ ಮನಸ್ತಾಪ ಎಲ್ಲವೂ ಬೆಳೆದವು. ಅದಕ್ಕಿಂತ ದೊಡ್ಡ ನಷ್ಟ ಧಕ್ಕೆಯಲ್ಲಿ, ಅಂದರೆ ದೋಣಿಗಳು ಸರಕು ಇಳಿಸುವ ಕಟ್ಟೆಯಲ್ಲಿ, ಆಗುತ್ತಿತ್ತು. ಒಂದೇ ರಾತ್ರಿ ಎಲ್ಲರೂ ತುಂಬಿಕೊಂಡು ಬಂದರೆ ಬೆಳಗಿನ ಹರಾಜಿನಲ್ಲಿ ದರ ನೆಲಕಚ್ಚುತ್ತಿತ್ತು. ತಾನು ಕಡಿಮೆ ಹಿಡಿದರೆ ದರ ಉಳಿಯುವುದಿಲ್ಲ, ಪಕ್ಕದವನಿಗೆ ಲಾಭವಾಗುತ್ತದೆ ಅಷ್ಟೆ ಎಂದು ದೋಣಿ ನಡೆಸುವ ಪ್ರತಿಯೊಬ್ಬ ತಾಂಡೇಲನಿಗೂ ಗೊತ್ತಿತ್ತು. ಆದ್ದರಿಂದ ಯಾರೂ ಕಡಿಮೆ ಹಿಡಿಯುತ್ತಿರಲಿಲ್ಲ.

ಇದೇ ಕಾಲದಲ್ಲಿ ಹೊರಗಿನಿಂದ ಇನ್ನೊಂದು ಹೊಡೆತ ಬಿತ್ತು. ಫುಜಿ ನಗರದ ಕಾಗದ ಕಾರ್ಖಾನೆಗಳು ಬಿಡುತ್ತಿದ್ದ ತ್ಯಾಜ್ಯ ತಾಗೊನೊಉರಾ ಬಂದರಿನಲ್ಲಿ ಕೆಸರಾಗಿ ಕೂತು ಕೊಲ್ಲಿಯ ಒಳಭಾಗವನ್ನು ಕೆಡಿಸಿತು. 1970ರ ಆಗಸ್ಟ್‌ನಲ್ಲಿ ಮೀನುಗಾರರು ದೋಣಿಗಳ ಸಾಲನ್ನೇ ಆ ಬಂದರಿಗೆ ಒಯ್ದು ಪ್ರತಿಭಟಿಸಿದರು. ಜಪಾನಿನ ಮಾಲಿನ್ಯ ವಿರೋಧಿ ಚಳವಳಿಗಳ ಚರಿತ್ರೆಯಲ್ಲಿ ಆ ದಿನಕ್ಕೆ ತನ್ನದೇ ಸ್ಥಾನವಿದೆ. ಹಂಗಾಮಿನಲ್ಲಿ ಪರಸ್ಪರ ಪೈಪೋಟಿಗಿಳಿದಿದ್ದವರು ಒಂದೇ ಎದುರಾಳಿಯ ಮುಂದೆ ಒಟ್ಟಾಗಿ ನಿಂತದ್ದು 1977ರ ಹೊತ್ತಿಗೆ ಪೂರ್ಣಗೊಂಡ ಒಪ್ಪಂದಕ್ಕೆ ನೆಲವನ್ನು ಹದಮಾಡಿತು ಎಂದು ನಾನು ನಂಬುತ್ತೇನೆ. ಹಣದ ಲೆಕ್ಕಾಚಾರದಿಂದ ಮಾತ್ರ ಮೂರು ಊರುಗಳು ಒಂದೇ ಗಂಟಿಗೆ ತಮ್ಮ ಗಳಿಕೆಯನ್ನು ಹಾಕಲು ಒಪ್ಪಿದವು ಎಂದು ವಿವರಿಸುವುದು ಕಷ್ಟ.

ಒಂದು ರಾತ್ರಿಯ ಕೆಲಸ

ಪದ್ಧತಿಯ ಹೃದಯಭಾಗದಲ್ಲಿ ಮೂರೂ ಊರುಗಳ ಪ್ರತಿನಿಧಿಗಳಿರುವ ಒಂದು ಸಮಿತಿ ಇದೆ. ಹಂಗಾಮಿನ ಪ್ರತಿ ದಿನವೂ ಅಂದು ಸಮುದ್ರಕ್ಕೆ ಹೋಗಬೇಕೇ ಬೇಡವೇ ಎಂಬುದನ್ನು ಈ ಸಮಿತಿ ತೀರ್ಮಾನಿಸುತ್ತದೆ. ಗಾಳಿ, ಅಲೆ, ಹಿಂದಿನ ಹರಾಜಿನ ದರ, ಒಣಗಿಸುವವರ ಬಳಿ ಉಳಿದಿರುವ ದಾಸ್ತಾನು, ಇವೆಲ್ಲವನ್ನೂ ನೋಡಿ ಆ ರಾತ್ರಿ ಒಟ್ಟು ಎಷ್ಟು ಹಿಡಿಯಬೇಕು ಎಂಬ ಗುರಿಯನ್ನು ಇಡುತ್ತದೆ. ಸಂಜೆ ದೋಣಿಗಳು ಹೊರಟ ಮೇಲೆ ರೇಡಿಯೊ ಮೂಲಕ ಸೂಚನೆಗಳು ಹೋಗುತ್ತವೆ: ಯಾರು ಎಲ್ಲಿ ಬಲೆ ಇಳಿಸಬೇಕು, ಯಾರು ಕಾಯಬೇಕು, ಯಾರ ಬಲೆಯಲ್ಲಿ ಹೆಚ್ಚಾಗಿ ಬಿದ್ದಿದೆ, ಅದನ್ನು ತುಂಬಿಕೊಳ್ಳಲು ಯಾವ ದೋಣಿ ಹತ್ತಿರ ಹೋಗಬೇಕು.

ಬಲೆಯ ತುದಿಯ ಚೀಲವನ್ನು ದೋಣಿಯ ಪಕ್ಕಕ್ಕೆ ಎಳೆದುಕೊಂಡು, ದಪ್ಪ ಕೊಳವೆಯ ಪಂಪಿನಿಂದ ಸೀಗಡಿಯನ್ನು ನೀರಿನ ಸಮೇತ ಮೇಲಕ್ಕೆ ಹೀರಿಕೊಂಡು, ನೀರು ಬಸಿದು ಪೆಟ್ಟಿಗೆಗಳಿಗೆ ತುಂಬುತ್ತಾರೆ. ಒಂದು ಪೆಟ್ಟಿಗೆಗೆ 15 ಕಿಲೊ. ಹರಾಜಿನ ದರ ಹೇಳುವುದೂ ಈ ಪೆಟ್ಟಿಗೆಯ ಲೆಕ್ಕದಲ್ಲೇ. ಗುರಿ ಮುಟ್ಟಿತೆಂದರೆ ಉಳಿದವರು ಬಲೆ ಇಳಿಸುವುದಿಲ್ಲ. ಬಲೆ ಇಳಿಸದ ಜೋಡಿಗೂ ಪಾಲು ಇದ್ದೇ ಇರುತ್ತದೆ. ಬೆಳಗ್ಗೆ ಯುಯಿ ಮತ್ತು ಒಯಿಗಾವಾ ಬಂದರುಗಳಲ್ಲಿ ಹರಾಜು ನಡೆದು, ಸಂಘದ ಕಮಿಷನ್ ಮತ್ತು ಖರ್ಚುಗಳನ್ನು ಕಳೆದು ಉಳಿದದ್ದು ದೋಣಿ ಮಾಲೀಕರಿಗೂ ದೋಣಿಯಲ್ಲಿ ದುಡಿಯುವ ಕಲಾಸಿಗಳಿಗೂ ಮೊದಲೇ ಒಪ್ಪಿಕೊಂಡ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ.

ಇದರಿಂದ ಬರುವ ಲಾಭ ಹಲವು ದಿಕ್ಕಿನದು. ಡೀಸೆಲ್ ಉಳಿಯುತ್ತದೆ. ಅತಿವೇಗದ ಎಂಜಿನ್ ಕೊಳ್ಳುವ ಒತ್ತಡ ತಗ್ಗುತ್ತದೆ. ಸೀಗಡಿ ಎಲ್ಲಿದೆ ಎಂಬ ಮಾಹಿತಿಯನ್ನು ಯಾರೂ ಬಚ್ಚಿಡಬೇಕಾಗಿಲ್ಲ, ಏಕೆಂದರೆ ಬಚ್ಚಿಟ್ಟರೆ ನಷ್ಟ ತನ್ನ ಪಾಲಿಗೂ ತಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸರಕನ್ನು ಪೂರೈಸುವ ಎಲ್ಲರೂ ಒಂದೇ ಸಮಿತಿಯ ಅಡಿಯಲ್ಲಿರುವುದರಿಂದ ಮಾರುಕಟ್ಟೆಗೆ ಒಮ್ಮೆಲೇ ಸುರಿಯದೆ ದಿನದಿನಕ್ಕೆ ಬೇಕಾದಷ್ಟನ್ನು ಬಿಡಬಹುದು. ಅರ್ಥಶಾಸ್ತ್ರದ ಭಾಷೆಯಲ್ಲಿ ನೇರವಾಗಿ ಹೇಳುವುದಾದರೆ ಇದು ಪೂರೈಕೆದಾರರ ಒಕ್ಕೂಟ. ಬೇರೆ ಉದ್ಯಮದಲ್ಲಾದರೆ ಏಕಸ್ವಾಮ್ಯದ ಆರೋಪ ಬರುತ್ತಿತ್ತು. ಜಪಾನಿನ ಏಕಸ್ವಾಮ್ಯ ನಿಷೇಧ ಕಾನೂನು ಷರತ್ತುಗಳಿಗೆ ಒಳಪಟ್ಟು ಸಹಕಾರ ಸಂಘಗಳಿಗೆ ವಿನಾಯಿತಿ ಕೊಡುತ್ತದೆ. ತೈವಾನಿನಿಂದ ಅದೇ ಜಾತಿಯ ಸೀಗಡಿ ಆಮದಾಗುವುದರಿಂದ ಬೆಲೆಗೆ ಹೊರಗಿನಿಂದಲೂ ಒಂದು ಅಂಕೆ ಇದೆ.

ಇಲ್ಲಿ ಓದುಗರಿಗೆ ಒಂದು ಸಂದೇಹ ಬರುವುದು ಸಹಜ. ತಾನು ಹೆಚ್ಚು ಹಿಡಿದರೂ ಸಿಗುವುದು ಅರವತ್ತರಲ್ಲಿ ಒಂದು ಪಾಲು ಎಂದಾದರೆ ಯಾರು ತಾನೇ ಮೈಮುರಿದು ದುಡಿಯುತ್ತಾರೆ? ಈ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಜಪಾನಿನ ಇನ್ನೊಂದು ಬದಿಯಲ್ಲಿರುವ ತೊಯಾಮಾ ಕೊಲ್ಲಿಯಲ್ಲಿ ಶಿರೊಎಬಿ ಎಂಬ ಬಿಳಿ ಸೀಗಡಿ ಹಿಡಿಯುವವರೂ ಗಳಿಕೆಯನ್ನು ಒಟ್ಟುಗೂಡಿಸುತ್ತಾರೆ. ಅವರನ್ನು ಜಾನ್ ಫಿಲಿಪ್ ಪ್ಲಾಟೊ ಮತ್ತು ಎರಿಕಾ ಸೆಕಿ, ಆನಂತರ ಜೆಫ್ರಿ ಕಾರ್ಪೆಂಟರ್ ಮತ್ತು ಸೆಕಿ ಅಧ್ಯಯನ ಮಾಡಿದರು. ಜೊತೆಗಾರರ ಮೆಚ್ಚುಗೆ ಮತ್ತು ಅಸಮಾಧಾನಗಳಿಗೆ ಮೀನುಗಾರ ಎಷ್ಟು ಬೆಲೆ ಕೊಡುತ್ತಾನೆ ಎಂಬುದಕ್ಕೂ ದೋಣಿಯ ಉತ್ಪಾದಕತೆಗೂ ಸಂಬಂಧವಿದೆ ಎಂದು ಈ ಸಾಲಿನ ಅಧ್ಯಯನಗಳು ತೋರಿಸಿವೆ. ಸುರುಗಾದಲ್ಲಿ ಇದಕ್ಕೆ ಇನ್ನೊಂದು ಬೆಂಬಲ ಇದೆ: ಎಲ್ಲ ದೋಣಿಗಳೂ ಒಂದೇ ರಾತ್ರಿ, ಒಂದೇ ಕೊಲ್ಲಿಯಲ್ಲಿ, ಪರಸ್ಪರರ ಕಣ್ಣೆದುರಿಗೇ ಕೆಲಸ ಮಾಡುತ್ತವೆ. ಕಳ್ಳಾಟಕ್ಕೆ ಅಲ್ಲಿ ಜಾಗ ಕಡಿಮೆ.

ಬೆನ್ನಿಗಿರುವ ಸಂಸ್ಥೆಗಳು

ಸಮಿತಿಯ ಮಾತು ನಡೆಯುವುದು ಯಾವ ಬಲದ ಮೇಲೆ? ಹೊಸಬನೊಬ್ಬ ದೋಣಿ ತಂದು ಸಮಿತಿಗೆ ಸೇರದೆ ತನ್ನಷ್ಟಕ್ಕೆ ಹಿಡಿಯಲು ಆರಂಭಿಸಿದರೆ ಇಡೀ ಒಪ್ಪಂದ ಒಂದೇ ಹಂಗಾಮಿನಲ್ಲಿ ಕುಸಿಯುತ್ತದೆ. ಹಾಗಾಗದಂತೆ ತಡೆಯುವುದು ಗವರ್ನರ್ ಪರವಾನಗಿ, ಮತ್ತು ಆ ಪರವಾನಗಿಗೆ ಆಧಾರವಾದ 1949ರ ಮೀನುಗಾರಿಕಾ ಕಾನೂನು. ಹೊರಗಿನವರಿಗೆ ಬಾಗಿಲು ಮುಚ್ಚಿರುವ ಕಾರಣದಿಂದಲೇ ಒಳಗಿನವರು ಕೂತು ಮಾತಾಡಲು ಸಾಧ್ಯವಾಗಿದೆ. ಸ್ವಯಮಾಡಳಿತದ ಉದಾಹರಣೆ ಎಂದು ಹೊಗಳುವಾಗ ಸರ್ಕಾರದ ಈ ಪಾತ್ರವನ್ನು ಬಿಟ್ಟುಬಿಡುವುದು ಸರಿಯಲ್ಲ.

ಮುಂದಿನ ಕೊಂಡಿ ಸಹಕಾರ ಸಂಘ. 1948ರ ಕಾನೂನಿನ ಅಡಿ ರಚನೆಯಾದ ಮೀನುಗಾರಿಕಾ ಸಹಕಾರ ಸಂಘಗಳು ಜಪಾನಿನ ಪ್ರತಿ ಮೀನುಗಾರಿಕಾ ಊರಿನ ಬೆನ್ನೆಲುಬು. ಯುಯಿ ಮತ್ತು ಕಂಬಾರಾದ ಮೀನುಗಾರರು ಯುಯಿ ಬಂದರಿನ ಸಂಘದಲ್ಲಿದ್ದಾರೆ, ಒಯಿಗಾವಾದವರಿಗೆ ತಮ್ಮದೇ ಸಂಘ. ಹರಾಜು ನಡೆಸುವುದು, ತೂಕ ಮತ್ತು ಹಣದ ಲೆಕ್ಕ ಇಡುವುದು, ಮಂಜುಗಡ್ಡೆ ಮತ್ತು ಡೀಸೆಲ್ ಒದಗಿಸುವುದು ಸಂಘದ ಕೆಲಸ. ಪಾಲು ಹಾಕುವ ಪದ್ಧತಿಯಲ್ಲಿ ಎಲ್ಲರೂ ಒಪ್ಪುವ ಒಂದು ಲೆಕ್ಕಪುಸ್ತಕ ಇಲ್ಲದಿದ್ದರೆ ಮೊದಲ ವಾರದಲ್ಲೇ ಜಗಳ ಹುಟ್ಟುತ್ತಿತ್ತು. ಆ ಪುಸ್ತಕವನ್ನು ಇಡುವವರು ಮೊದಲಿನಿಂದಲೇ ಇದ್ದರು ಎಂಬುದು ಸಣ್ಣ ಸಂಗತಿಯಲ್ಲ. ಯುಯಿ ಸಂಘ ಬಂದರಿನಲ್ಲೇ ಒಂದು ಚಿಕ್ಕ ತಿಂಡಿಯಂಗಡಿಯನ್ನೂ ನಡೆಸುತ್ತದೆ. ಸೀಗಡಿಯನ್ನು ತೆಳುವಾದ ಹಿಟ್ಟಿನಲ್ಲಿ ಕಲಸಿ ಎಣ್ಣೆಯಲ್ಲಿ ಕರಿದ ಗರಿಗರಿ ಕಕಿಯಾಗೆ ತಿನ್ನಲು ದೂರದ ಊರುಗಳಿಂದ ಜನ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಸಂಘಗಳ ಮೇಲೆ ಪ್ರಾಂತ್ಯ ಮಟ್ಟದ ಒಕ್ಕೂಟಗಳಿವೆ, ಅವುಗಳ ಮೇಲೆ ಜೆಂಗ್ಯೊರೆನ್ ಎಂಬ ರಾಷ್ಟ್ರೀಯ ಒಕ್ಕೂಟವಿದೆ. ಸಾಲದ ವ್ಯವಹಾರದ ತುದಿಯಲ್ಲಿ 1923ರಲ್ಲಿ ಸ್ಥಾಪನೆಯಾದ ನೊರಿನ್‌ಚುಕಿನ್ ಬ್ಯಾಂಕ್ ಇದೆ. 1964ರ ಕಾನೂನಿನ ಅಡಿ ನಡೆಯುವ ಪರಿಹಾರ ವಿಮೆಯು ಬಲೆ ಬರಿದಾದ ವರ್ಷಗಳಲ್ಲಿ ಮೀನುಗಾರನ ಆದಾಯಕ್ಕೆ ಸ್ವಲ್ಪ ಆಸರೆ ಕೊಡುತ್ತದೆ.

ಯೈಜು ಪಟ್ಟಣದಲ್ಲಿರುವ ಶಿಜುವೊಕಾ ಪ್ರಾಂತ್ಯದ ಮೀನುಗಾರಿಕಾ ಸಂಶೋಧನಾ ಕೇಂದ್ರ ಮೊಟ್ಟೆಗಳ ಎಣಿಕೆ ಮತ್ತು ಸೀಗಡಿಯ ಅಳತೆಗಳ ಮೂಲಕ ಸಂತತಿಯ ಸ್ಥಿತಿಯನ್ನು ಗಮನಿಸುತ್ತದೆ.

ಇನ್ನು ಅಂತಾರಾಷ್ಟ್ರೀಯ ಕೊಂಡಿ. ಒಂದು ಕೊಲ್ಲಿಯ ಪದ್ಧತಿ ಪ್ರಪಂಚದ ಗಮನಕ್ಕೆ ಬರಬೇಕಾದರೆ ಅದನ್ನು ಅಂಕಿಅಂಶ ಮತ್ತು ವಾದಗಳ ರೂಪದಲ್ಲಿ ಮುಂದಿಡುವವರು ಬೇಕು, ಅದನ್ನು ಕೇಳುವ ವೇದಿಕೆಯೂ ಬೇಕು. 1982ರಲ್ಲಿ ಆರಂಭವಾಗಿ ಅಮೆರಿಕದ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕಾರ್ಯಾಲಯವಿಟ್ಟುಕೊಂಡು ಬೆಳೆದ ಅಂತಾರಾಷ್ಟ್ರೀಯ ಮೀನುಗಾರಿಕಾ ಅರ್ಥಶಾಸ್ತ್ರ ಮತ್ತು ವ್ಯಾಪಾರ ಸಂಸ್ಥೆ, ಅಂದರೆ ಐಐಎಫ್‌ಇಟಿ, ಅಂಥ ವೇದಿಕೆ. ಅದರ ಸಮ್ಮೇಳನಗಳು ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತವೆ. 2004ರದ್ದು ಟೋಕಿಯೊದಲ್ಲಿ ನಡೆಯಿತು. ಜಪಾನಿನ ಕಡೆಯಿಂದ ಈ ಸಂಸ್ಥೆಯೊಂದಿಗೆ ಹತ್ತಿರದ ನಂಟು ಇಟ್ಟುಕೊಂಡಿರುವುದು ಜಪಾನ್ ಅಂತಾರಾಷ್ಟ್ರೀಯ ಮೀನುಗಾರಿಕಾ ಸಂಶೋಧನಾ ಸಂಘ. ಜಪಾನಿನ ಮೀನುಗಾರಿಕಾ ವಿದ್ವಾಂಸ ತಾದಾಶಿ ಯಮಾಮೊಟೊ ಅವರ ಹೆಸರಿನ ಬಹುಮಾನಕ್ಕೆ ಆಸರೆಯಾಗಿರುವುದೂ ಈ ಸಂಘವೇ.

ಸುರುಗಾ ಪ್ರಕರಣವನ್ನು ಹೊರಜಗತ್ತಿಗೆ ವಿವರವಾಗಿ ತಿಳಿಸಿದವರಲ್ಲಿ ಹಿರೊತ್ಸುಗು ಉಚಿದಾ ಮತ್ತು ಒಸಾಮು ಬಾಬಾ ಮುಖ್ಯರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2008ರಲ್ಲಿ ಮೀನುಗಾರರ ಸ್ವಯಮಾಡಳಿತದ ಕುರಿತು ಹಲವು ದೇಶಗಳ ಪ್ರಕರಣಗಳನ್ನು ಸಂಗ್ರಹಿಸಿ ಪ್ರಕಟಿಸಿದಾಗ ಅದರಲ್ಲಿ ಅವರ ಲೇಖನವೂ ಸೇರಿತ್ತು. ಆ ಹೊತ್ತಿಗೆ ಪ್ರಪಂಚದ ಚರ್ಚೆಯೆಲ್ಲ ಐಸ್‌ಲ್ಯಾಂಡ್, ನ್ಯೂಜಿಲೆಂಡ್ ಮಾದರಿಯ ವೈಯಕ್ತಿಕ ಕೋಟಾಗಳ ಸುತ್ತ ನಡೆಯುತ್ತಿತ್ತು. ಪ್ರತಿ ದೋಣಿಗೂ ಮಾರಬಹುದಾದ ಹಕ್ಕನ್ನು ಹಂಚುವುದೇ ಏಕೈಕ ದಾರಿಯಲ್ಲ, ಗುಂಪಿಗೆ ಹಕ್ಕು ಕೊಟ್ಟು ಹಂಚಿಕೆಯನ್ನು ಗುಂಪಿಗೇ ಬಿಡುವ ದಾರಿಯೂ ಇದೆ ಎಂದು ತೋರಿಸಲು ಈ ಪ್ರಕರಣ ಆಧಾರವಾಯಿತು. ಹಕ್ಕುಗಳು ಮಾರಾಟವಾಗಿ ಕೊನೆಗೆ ಕೆಲವೇ ಕಂಪನಿಗಳ ಕೈಸೇರುವ ಭಯ ಎಲ್ಲ ಕರಾವಳಿಗಳಲ್ಲೂ ಇರುವುದರಿಂದ, ಈ ವಾದವನ್ನು ಮುಂದಿಟ್ಟ ವಿದ್ವಾಂಸರ ಕೆಲಸ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ.

2018: ಬಲೆ ಇಳಿಯದ ಹಂಗಾಮು

1960ರ ದಶಕದಲ್ಲಿ ಸಾವಿರಾರು ಟನ್ ಇದ್ದ ವಾರ್ಷಿಕ ಇಳುವರಿ 2010ರ ದಶಕದಲ್ಲಿ ಸುಮಾರು ಸಾವಿರ ಟನ್‌ಗೆ ಬಂದಿತ್ತು. 2018ರ ವಸಂತದ ಹಂಗಾಮಿನಲ್ಲಿ ಅದು ಸುಮಾರು 300 ಟನ್‌ಗೆ ಕುಸಿಯಿತು. ಶರತ್ಕಾಲದಲ್ಲಿ ಪರೀಕ್ಷೆಗೆಂದು ಬಲೆ ಹಾಕಿ ನೋಡಿದಾಗ ಬೆಳೆದ ಸೀಗಡಿ ಕಡಿಮೆಯಿತ್ತು, ಮರಿಗಳೇ ಹೆಚ್ಚಿದ್ದವು. ಮೀನುಗಾರರು ಆ ಹಂಗಾಮನ್ನು ಪೂರ್ತಿಯಾಗಿ ಕೈಬಿಟ್ಟರು. ಶರತ್ಕಾಲದ ಹಂಗಾಮು ಹೀಗೆ ಇಡಿಯಾಗಿ ರದ್ದಾದದ್ದು ಅದೇ ಮೊದಲು. ಮರುವರ್ಷದ ವಸಂತದಲ್ಲಿ ಸಿಕ್ಕಿದ್ದು 100 ಟನ್‌ಗಿಂತ ಕಡಿಮೆ.

ಕಾರಣಗಳ ಬಗ್ಗೆ ಒಮ್ಮತವಿಲ್ಲ. ಕುರೊಶಿಯೊ ಎಂಬ ಬೆಚ್ಚನೆಯ ಸಾಗರ ಪ್ರವಾಹ 2017ರ ಆಗಸ್ಟ್‌ನಿಂದ ತನ್ನ ಎಂದಿನ ದಾರಿ ಬಿಟ್ಟು ದೊಡ್ಡ ಬಾಗಿನಲ್ಲಿ ಹರಿಯತೊಡಗಿ, ಹಲವು ವರ್ಷ ಹಾಗೆಯೇ ಉಳಿಯಿತು. ಅದರಿಂದ ಕೊಲ್ಲಿಯ ನೀರಿನ ಚಲನೆ ಬದಲಾಗಿ ಮೊಟ್ಟೆ ಮತ್ತು ಮರಿಗಳು ಹೊರಕ್ಕೆ ಹೋದವೇ ಎಂಬುದು ಒಂದು ಪ್ರಶ್ನೆ. ಫುಜಿ ನದಿಗೆ ಸೇರುವ ಹೊಳೆಗಳ ಮೇಲ್ಭಾಗದಿಂದ ಬರುವ ಕೆಸರು ನೀರು ಮೊಟ್ಟೆಯಿಡುವ ಜಾಗವನ್ನು ಕೆಡಿಸುತ್ತಿದೆಯೇ ಎಂಬುದು ಇನ್ನೊಂದು, ಊರಿನವರು ಬಹಳ ಒತ್ತಿ ಕೇಳಿದ ಪ್ರಶ್ನೆ. ಮೂರನೆಯದು ಹೇಳಲು ಎಲ್ಲಕ್ಕಿಂತ ಕಷ್ಟದ್ದು: ಸಂತತಿ ಕ್ಷೀಣಿಸುತ್ತಿದ್ದ ವರ್ಷಗಳಲ್ಲೂ ಹಿಡಿದದ್ದು ಹೆಚ್ಚಾಯಿತೇ?

ಈ ಮೂರನೆಯ ಪ್ರಶ್ನೆಯಲ್ಲಿ ಪದ್ಧತಿಯ ಮಿತಿ ಕಾಣುತ್ತದೆ. ಸಮಿತಿ ಪ್ರತಿ ರಾತ್ರಿ ಇಡುತ್ತಿದ್ದ ಗುರಿ ಮಾರುಕಟ್ಟೆಯನ್ನು ನೋಡಿ ಇಟ್ಟದ್ದು. ಸರಕು ಹೇರಳವಾಗಿದ್ದಾಗ ದರ ಬೀಳುವ ಭಯ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಆಗ ಬೆಲೆಯನ್ನು ಕಾಯುವುದೂ ಸಂತತಿಯನ್ನು ಕಾಯುವುದೂ ಒಂದೇ ದಿಕ್ಕಿನಲ್ಲಿ ಸಾಗುತ್ತವೆ. ಸರಕು ವಿರಳವಾದಾಗ ದರ ಏರುತ್ತದೆ, ಕೊಳ್ಳುವವರು ಕಾದಿರುತ್ತಾರೆ, ಆಗ ದರದ ಸೂಚನೆ ಹಿಡಿ ಎಂದೇ ಹೇಳುತ್ತದೆ. ಒಂದೂಕಾಲು ವರ್ಷ ಬದುಕುವ ಜೀವಿಗೆ ಆ ಸೂಚನೆ ಅಪಾಯಕಾರಿ. ಸರ್ಕಾರ ಗರಿಷ್ಠ ಮಿತಿ ನಿಗದಿಪಡಿಸುವ ಜಾತಿಗಳ ಪಟ್ಟಿಯಲ್ಲಿ ಸಕುರಾಎಬಿ ಇರಲಿಲ್ಲ. ಸಂತತಿಯ ಅಂದಾಜಿಗೆ ತಳಕು ಹಾಕಿದ ವಾರ್ಷಿಕ ಮಿತಿ ಸಮಿತಿಯ ಲೆಕ್ಕದಲ್ಲೂ ನೆಲೆಗೊಂಡಿರಲಿಲ್ಲ. ಮಾರುಕಟ್ಟೆಯ ಮಾಹಿತಿ ಪ್ರತಿ ಬೆಳಗ್ಗೆ ಸಮಿತಿಯ ಮುಂದೆ ಬರುತ್ತಿತ್ತು. ಕಡಲಿನೊಳಗಿನ ಮಾಹಿತಿ ಅಷ್ಟು ಬೇಗ, ಅಷ್ಟು ಸ್ಪಷ್ಟವಾಗಿ ಬರುವ ದಾರಿ ಇರಲಿಲ್ಲ.

ಆದರೂ ಶರತ್ಕಾಲದ ಹಂಗಾಮನ್ನು ನಿಲ್ಲಿಸಲು ಸಾಧ್ಯವಾದದ್ದು ಅದೇ ಪದ್ಧತಿಯಿಂದ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ಒಬ್ಬೊಬ್ಬರು ತಮ್ಮ ತಮ್ಮ ಲೆಕ್ಕದಲ್ಲಿ ದುಡಿಯುವ ಕಡೆ ದರ ಏರಿರುವಾಗ 120 ದೋಣಿಗಳನ್ನು ಧಕ್ಕೆಗೆ ಕಟ್ಟಿಹಾಕುವುದು ಪೊಲೀಸರಿಂದಲೂ ಆಗದ ಕೆಲಸ. ಇಲ್ಲಿ ಯಾರೊಬ್ಬರೂ ಮತ್ತೊಬ್ಬರ ತ್ಯಾಗದಿಂದ ಲಾಭ ಪಡೆಯುವ ಅವಕಾಶ ಇರಲಿಲ್ಲ. ನಷ್ಟವೂ ಸಮಪಾಲಾಗಿ ಬಂತು. ಇದೇ ದೋಣಿಗಳಲ್ಲಿ ಹಲವು, ವರ್ಷದ ಉಳಿದ ತಿಂಗಳುಗಳಲ್ಲಿ ಶಿರಾಸು ಎಂಬ ಎಳೆಮೀನನ್ನು ಹಿಡಿಯುತ್ತವೆ ಎಂಬುದೂ ಆ ನಿರ್ಧಾರವನ್ನು ಸಹನೀಯವಾಗಿಸಿತು. ಒಣಗಿಸುವ ಅಂಗಳಗಳಲ್ಲಿ ದುಡಿಯುವವರಿಗೆ ಮಾತ್ರ ಅಂಥ ಆಸರೆ ಕಡಿಮೆ. ಪಾಲಿನ ಲೆಕ್ಕದಲ್ಲಿ ದೋಣಿ ಮಾಲೀಕರೂ ಕಲಾಸಿಗಳೂ ಇದ್ದಾರೆ, ಅಂಗಳದ ಕೆಲಸಗಾರರಿಲ್ಲ. ಈ ಪ್ರಕರಣದ ವಿವರಣೆಗಳಲ್ಲಿ ಅವರ ಮಾತು ಬರುವುದೂ ಅಪರೂಪ, ಮತ್ತು ಅದು ಬರಬೇಕಾಗಿತ್ತು.

2019ರಿಂದ ನಿಯಮಗಳ ಸ್ವರೂಪ ಬದಲಾಯಿತು. ಮೊಟ್ಟೆಯಿಡುವ ನೆಲೆಯಾದ ಕೊಲ್ಲಿಯ ಒಳಭಾಗದಲ್ಲಿ, ಫುಜಿ ನದಿಯ ಮುಖದ ಬಳಿ, ಬಲೆ ಹಾಕುವುದನ್ನು ಮೀನುಗಾರರೇ ನಿಲ್ಲಿಸಿದರು. ಹಂಗಾಮು ಆರಂಭಿಸುವ ಮೊದಲು ಪರೀಕ್ಷಾ ಬಲೆ ಹಾಕಿ ಸಿಕ್ಕ ಸೀಗಡಿಯ ಗಾತ್ರ ಅಳೆಯುವುದು, ಮರಿಗಳ ಪ್ರಮಾಣ ಹೆಚ್ಚಿದ್ದರೆ ಆ ಜಾಗವನ್ನು ಬಿಡುವುದು ರೂಢಿಗೆ ಬಂತು. ವಸಂತದ ಕೊನೆಯಲ್ಲಿ ಹೆಣ್ಣು ಸೀಗಡಿಯ ಅಂಡಾಶಯ ಬಲಿತಾಗ ಅದರ ಪಾರದರ್ಶಕ ತಲೆಯ ಭಾಗ ಕಪ್ಪಾಗಿ ಕಾಣುತ್ತದೆ. ಒಂದು ಹಿಡಿ ಸೀಗಡಿಯನ್ನು ಬಿಳಿ ತಟ್ಟೆಯಲ್ಲಿ ಹರವಿದರೆ ಕಪ್ಪು ತಲೆಯವನ್ನು ಬರಿಗಣ್ಣಿನಿಂದಲೇ ಎಣಿಸಬಹುದು. ಆ ಪ್ರಮಾಣ ಒಪ್ಪಿದ ಮಟ್ಟವನ್ನು ದಾಟಿದರೆ ಮೀನುಗಾರಿಕೆ ನಿಲ್ಲುತ್ತದೆ. ಪ್ರಯೋಗಾಲಯದ ವರದಿಗಾಗಿ ಕಾಯದೆ ದೋಣಿಯ ಮೇಲೇ ನೋಡಿ ತೀರ್ಮಾನಿಸಬಹುದಾದ ಈ ಅಳತೆ, ಮಾರುಕಟ್ಟೆಯ ದರದಷ್ಟೇ ಬೇಗ ಸಮಿತಿಯ ಮುಂದೆ ಬರುತ್ತದೆ. ಮೊದಲಿನ ಪದ್ಧತಿಯಲ್ಲಿ ಯಾವುದರ ಕೊರತೆ ಇತ್ತೋ ಅದನ್ನೇ ಇದು ತುಂಬುತ್ತದೆ ಎಂಬ ಕಾರಣಕ್ಕೆ, ಇಡೀ ಪ್ರಕರಣದಲ್ಲಿ ಅತ್ಯಂತ ಮಹತ್ವದ ಬದಲಾವಣೆ ಇದು ಎಂದು ನನ್ನ ಅಭಿಪ್ರಾಯ. ಆನಂತರದ ವರ್ಷಗಳಲ್ಲಿ ಇಳುವರಿ ನಿಧಾನವಾಗಿ ಚೇತರಿಸಿಕೊಳ್ಳತೊಡಗಿದೆ, ಹಳೆಯ ಮಟ್ಟಕ್ಕೆ ಮರಳಿಲ್ಲ.

ರಾಷ್ಟ್ರಮಟ್ಟದಲ್ಲೂ ಇದೇ ಸಮಯದಲ್ಲಿ ಚೌಕಟ್ಟು ಬದಲಾಗುತ್ತಿತ್ತು. ಜಪಾನಿನ ಒಟ್ಟು ಮೀನು ಉತ್ಪಾದನೆ 1984ರಲ್ಲಿ ಸುಮಾರು 128 ಲಕ್ಷ ಟನ್‌ನಷ್ಟಿದ್ದು, ಈಗ 40 ಲಕ್ಷ ಟನ್‌ಗಿಂತಲೂ ಕೆಳಗಿಳಿದಿದೆ. 2018ರ ಡಿಸೆಂಬರ್‌ನಲ್ಲಿ ಸಂಸತ್ತು ಮೀನುಗಾರಿಕಾ ಕಾನೂನಿಗೆ ಏಳು ದಶಕಗಳಲ್ಲೇ ದೊಡ್ಡ ತಿದ್ದುಪಡಿ ಮಾಡಿತು. 2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಈ ತಿದ್ದುಪಡಿ ವೈಜ್ಞಾನಿಕ ಅಂದಾಜಿನ ಮೇಲೆ ಗರಿಷ್ಠ ಮಿತಿ ನಿಗದಿಪಡಿಸುವ ಪದ್ಧತಿಯನ್ನು ಇನ್ನಷ್ಟು ಜಾತಿಗಳಿಗೆ ವಿಸ್ತರಿಸುವ ದಿಕ್ಕು ಹಿಡಿದಿದೆ.

ಅದೇ ಸೀಗಡಿ, ಬೇರೆ ಕಡಲು

ತೈವಾನಿನ ನೈಋತ್ಯ ತೀರದ ಡೊಂಗ್‌ಗಾಂಗ್ ಬಂದರಿನಲ್ಲೂ ಇದೇ ಜಾತಿಯ ಸೀಗಡಿಯನ್ನು ಹಿಡಿಯುತ್ತಾರೆ. ಅದರ ಒಂದು ಭಾಗ ಜಪಾನಿಗೇ ಹೋಗುತ್ತದೆ. ಅಲ್ಲಿಯೂ ಪೈಪೋಟಿ ಮತ್ತು ದರ ಕುಸಿತದ ಅನುಭವವಾದ ಮೇಲೆ ಮೀನುಗಾರರು ತಮ್ಮದೇ ಉತ್ಪಾದನೆ ಮತ್ತು ಮಾರಾಟದ ಗುಂಪು ಕಟ್ಟಿಕೊಂಡರು. ಅವರು ಗಳಿಕೆಯನ್ನು ಒಟ್ಟುಗೂಡಿಸಲಿಲ್ಲ. ಪ್ರತಿ ದೋಣಿ ಒಂದು ದಿನಕ್ಕೆ ಇಷ್ಟೇ ಪೆಟ್ಟಿಗೆ ತರಬಹುದು ಎಂಬ ಮಿತಿ ಹಾಕಿಕೊಂಡರು, ವರ್ಷದಲ್ಲಿ ಕೆಲವು ತಿಂಗಳು ಹಿಡಿಯುವುದನ್ನು ನಿಲ್ಲಿಸಿದರು, ಹರಾಜನ್ನು ಊರಿನ ಮೀನುಗಾರರ ಸಂಘಕ್ಕೆ ವಹಿಸಿದರು. ಪೆಟ್ಟಿಗೆಯ ಮಿತಿಯಿದ್ದರೆ ಒಬ್ಬೊಬ್ಬನ ಪಾಲು ಅವನ ಶ್ರಮಕ್ಕೆ ಸೇರಿಯೇ ಇರುತ್ತದೆ, ಲೆಕ್ಕವೂ ಸುಲಭ. ಸುರುಗಾದ ಪದ್ಧತಿಯಲ್ಲಿರುವಂತೆ ಇಡೀ ಪಡೆಯನ್ನು ಒಂದೇ ರಾತ್ರಿ ಒಂದು ಜಾಗದಿಂದ ಇನ್ನೊಂದಕ್ಕೆ ಕಳಿಸುವ, ಕೆಲವರನ್ನು ಬಲೆ ಇಳಿಸದಂತೆ ನಿಲ್ಲಿಸಿಯೂ ಪಾಲು ಕೊಡುವ ಅನುಕೂಲ ಅದರಲ್ಲಿಲ್ಲ. ಎರಡೂ ಕಡೆ ಹೊರಗಿನವರಿಗೆ ಬಾಗಿಲು ಮುಚ್ಚುವ ಪರವಾನಗಿ ಇದೆ, ಎಲ್ಲರೂ ನಂಬುವ ಹರಾಜುಕಟ್ಟೆ ಇದೆ, ತೂಕ ಬರೆದಿಡುವ ಸಂಘವಿದೆ. ಒಂದು ಕಡಲತೀರದಲ್ಲಿ ಗಳಿಕೆ ಒಟ್ಟುಗೂಡಿಸುವುದು ಒಗ್ಗುತ್ತದೆಯೇ, ದೋಣಿವಾರು ಮಿತಿ ಒಗ್ಗುತ್ತದೆಯೇ ಎಂದು ಕೇಳುವ ಮೊದಲು ಈ ಮೂರೂ ಅಲ್ಲಿ ಇವೆಯೇ ಎಂದು ನೋಡಬೇಕಾಗುತ್ತದೆ. ಸುರುಗಾದ 2018ರ ನಂತರ ಆ ಪಟ್ಟಿಗೆ ನಾಲ್ಕನೆಯದಾಗಿ, ಸಂತತಿಯ ಸ್ಥಿತಿಯನ್ನು ಹಂಗಾಮಿನ ನಡುವೆಯೇ ತಿಳಿಸುವ ಒಂದು ಅಳತೆಯೂ ಸೇರಬೇಕಾಗಿದೆ.